ಹೋಲಿಕೆಗೆ ಇಟ್ಟ ಸರಪಳಿ

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ನಾಲ್ಕು ದಿನ ಇದ್ದು ಬರೋಣವೆಂದು ಅಕ್ಕೂರಿಗೆ ಹೋಗಿದ್ದೆ. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರು ನನ್ನ ತವರು. ಬೆಳಿಗ್ಗೆ ಎದ್ದು ಕಾಫಿ ಲೋಟ ಹಿಡಿದು ಜಗಲಿಗೆ ಬಂದರೆ ಅಣ್ಣನ ಮಗಳು ಹಳೆಯ ದಿನಪತ್ರಿಕೆಯ ಮೇಲೆ ಎರಡು ಹಸಿರು ಬಿಲ್ಲೆಗಳನ್ನು ಇಟ್ಟುಕೊಂಡು ಕೂತಿದ್ದಳು. ಒಂದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಮೇಲೆಲ್ಲಾ ಕೈಯಲ್ಲಿ ಬೆಸುಗೆ ಹಾಕಿದ ಗುರುತು, ಹಿಂದೆ ಒಂದು ಗೇಣು ತಂತಿಯ ತುದಿಗೆ ನೇತಾಡುವ ಬ್ಯಾಟರಿ. ಇನ್ನೊಂದು ಅದರ ಅರ್ಧದಷ್ಟಿಲ್ಲ, ಅಂಗಡಿಯಿಂದ ಈಗ ತಾನೆ ತಂದ ಒಡವೆಯಂತೆ ಅಚ್ಚುಕಟ್ಟು. ಅದರ ಬ್ಯಾಟರಿ ಹೊಟ್ಟೆಯೊಳಗೇ ಅಡಗಿತ್ತು.

"ಅತ್ತೆ, ನಾಳಿದ್ದು ಹೊಲ ಅಳೆಯೋಕೆ ಯಾವುದು ಹಾಕಲಿ? ಹಳೇದಾ, ಹೊಸದಾ?" ಅಂದಳು.

ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ಮನೆಯ ಮಿಕ್ಸಿ ಕೆಟ್ಟರೆ ಅದರ ಮುಂದೆ ಕೈಕಟ್ಟಿ ನಿಲ್ಲುವವಳು. ನನ್ನನ್ನು ಕೇಳಿದರೆ ಏನು ಹೇಳಲಿ? "ಹೊಸದು ಚೆನ್ನಾಗಿದೆಯಲ್ಲಾ" ಅಂದೆ. ಅವಳು ನಕ್ಕು, "ಚೆನ್ನಾಗೇನೋ ಇದೆ. ನಿಜ ಹೇಳುತ್ತಾ ಅನ್ನೋದೇ ಗೊತ್ತಿಲ್ಲ" ಅಂದಳು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಈ ಬರಹ ಹುಟ್ಟಿದ್ದೇ ಅಲ್ಲಿಂದ.

ಅವಳು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಆ ಬಿಲ್ಲೆಗಳು ಅಳತೆಯ ಸಾಧನವೊಂದರ ಸರ್ಕ್ಯೂಟ್ ಬೋರ್ಡುಗಳು. ಕೈಯಲ್ಲಿ ಹಿಡಿದು ಗುಂಡಿ ಒತ್ತಿದರೆ ಎದುರಿನ ಕಲ್ಲು ಎಷ್ಟು ದೂರ, ಯಾವ ದಿಕ್ಕು, ಎಷ್ಟು ಏರು ಇಳಿಜಾರು ಎಂದು ಮೂರನ್ನೂ ಒಟ್ಟಿಗೆ ಹೇಳುತ್ತದೆ. ದೂರಕ್ಕೆ ಲೇಸರ್ ಬೆಳಕು, ದಿಕ್ಕಿಗೆ ಭೂಮಿಯ ಕಾಂತಶಕ್ತಿಯನ್ನು ಗ್ರಹಿಸುವ ಒಂದು ಚಿಪ್ಪು, ಇಳಿಜಾರಿಗೆ ಗುರುತ್ವವನ್ನು ಗ್ರಹಿಸುವ ಇನ್ನೊಂದು ಚಿಪ್ಪು. ಇದರ ಮೂಲ ಗುಹೆಗಳನ್ನು ಹೊಕ್ಕು ನಕ್ಷೆ ಬರೆಯುವ ಹವ್ಯಾಸಿಗಳದಂತೆ. ಸ್ವಿಟ್ಜರ್ಲೆಂಡಿನ ಬೀಟ್ ಹೀಬ್ ಎಂಬಾತ 2008ರ ಸುಮಾರಿಗೆ ಪೇಟೆಯಲ್ಲಿ ಸಿಗುವ ಲೈಕಾ ಲೇಸರ್ ಅಳತೆಗೋಲನ್ನು ಬಿಚ್ಚಿ, ಒಳಗೆ ತಾನು ಮಾಡಿದ ಬೋರ್ಡನ್ನು ಸೇರಿಸಿ ಇಂಥ ಸಾಧನ ಮಾಡಿದ. ಕಂಪನಿ ಆ ಮಾದರಿಯನ್ನು ನಿಲ್ಲಿಸಿದಾಗ ಮುಂದಿನ ಮಾದರಿಗೆ ಹೊಸ ಬೋರ್ಡು ಮಾಡಬೇಕಾಯಿತು. ಅದೂ ನಿಂತ ಮೇಲೆ ಲೋಕದ ಅಲ್ಲಲ್ಲಿನ ಹವ್ಯಾಸಿಗಳು ಪೂರ್ತಿ ಸಾಧನವನ್ನೇ ಮನೆಯಲ್ಲಿ ಕಟ್ಟತೊಡಗಿದರು. ನಮ್ಮ ಹುಡುಗಿಯೂ ಅದೇ ದಾರಿ ಹಿಡಿದು ಒಂದು ಬೋರ್ಡನ್ನು ಅಡುಗೆಮನೆಯ ಮೇಜಿನ ಮೇಲೆ ತಾನೇ ಬೆಸೆದಿದ್ದಳು. ಆಮೇಲೆ ನಕ್ಷೆ ತಿದ್ದಿ ಎರಡನೆಯದನ್ನು ಕಾರ್ಖಾನೆಯಲ್ಲಿ ಮಾಡಿಸಿದ್ದಳು. ಬ್ಲೌಸಿಗೆ ಮೊದಲು ಹಳೇ ಬಟ್ಟೆಯಲ್ಲಿ ಕತ್ತರಿಸಿ ನೋಡಿ, ಆಮೇಲೆ ರೇಷ್ಮೆಗೆ ಕತ್ತರಿ ಹಾಕುತ್ತೇವಲ್ಲ, ಹಾಗೆ ಎನ್ನಿ.

ಇನ್ನು ಹೊಲ ಅಳೆಯುವ ಮಾತು. ಅದನ್ನು ಹೇಳಲು ನನಗೆ ಸ್ವಲ್ಪ ಸಂಕೋಚ. ಆದರೂ ಹೇಳಬೇಕು.

ಅಪ್ಪ ತೀರಿಕೊಂಡ ಮೇಲೆ ಪಿತ್ರಾರ್ಜಿತವಾಗಿ ಉಳಿದದ್ದು ಪಹಣಿಯ ಪ್ರಕಾರ 2 ಎಕರೆ 12 ಗುಂಟೆ. ಅರ್ಧ ಹಿಪ್ಪುನೇರಳೆ, ಉಳಿದದ್ದು ತೆಂಗು ಮತ್ತು ರಾಗಿಯ ಹೊಲ. ನನ್ನ ಮದುವೆಯಾದದ್ದು 1991ರಲ್ಲಿ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರ ಜುಲೈ 30ರಂದು ಜಾರಿಗೆ ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಇಲ್ಲ ಎಂದಿತ್ತು. ಮೂರು ವರ್ಷದ ಅಂತರದಲ್ಲಿ ನಾನು ಹೊರಗೆ. 2005ರಲ್ಲಿ ಇಡೀ ದೇಶಕ್ಕೆ ತಿದ್ದುಪಡಿ ಬಂತು, ಮದುವೆಯ ಆ ಷರತ್ತು ಹೋಯಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಈ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸ್ಪಷ್ಟಪಡಿಸಿತು. ಇಬ್ಬರು ಅಣ್ಣಂದಿರೂ ತಕರಾರು ಮಾಡಲಿಲ್ಲ. ಅಮ್ಮನೂ ಸೇರಿ ನಾಲ್ಕು ಪಾಲು, ತಲಾ 23 ಗುಂಟೆ ಎಂದು ಮನೆಯಲ್ಲೇ ಕೂತು ಒಪ್ಪಿಕೊಂಡೆವು. ಇನ್ನು 11ಇ ನಕ್ಷೆಗೆ ಅರ್ಜಿ ಹಾಕಿ, ಭೂಮಾಪಕರನ್ನು ಕರೆಸುವುದಷ್ಟೇ ಬಾಕಿ.

ಆದರೆ ನನ್ನ ಮನಸ್ಸಿನಲ್ಲಿ ಒಂದು ಮುಳ್ಳಿತ್ತು. ಪಡುವಣ ದಿಕ್ಕಿನ ಬದು ನಾನು ಚಿಕ್ಕವಳಿದ್ದಾಗ ನೋಡಿದ ಜಾಗದಲ್ಲಿಲ್ಲ, ಒಳಕ್ಕೆ ಸರಿದಿದೆ ಅನ್ನಿಸುತ್ತಿತ್ತು. ಹೊಲ ನೋಡಿಕೊಳ್ಳುತ್ತಿದ್ದವನು ದೊಡ್ಡಣ್ಣ. ಪಕ್ಕದವರ ಹತ್ತಿರ ಏನಾದರೂ ಮಾತು ಮಾಡಿಕೊಂಡು ಬಿಟ್ಟುಕೊಟ್ಟನೋ, ನನ್ನ ಪಾಲು ಬರುತ್ತದೆಂದು ಮೊದಲೇ ಏನಾದರೂ ಮಾಡಿದನೋ ಎಂಬ ಅನುಮಾನ. ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆ ಯಾವ ಹೆಣ್ಣುಮಗಳಿಗಿಲ್ಲ? "ಸರ್ಕಾರದವರು ಬರೋ ಮುಂಚೆ ನಮ್ಮ ತಿಳಿವಳಿಕೆಗೆ ನಾವೇ ಒಂದು ಸಲ ಅಳೆದು ನೋಡೋಣ" ಎಂದು ಅಣ್ಣನ ಮಗಳು ಹೇಳಿದಾಗ ಎಲ್ಲರಿಗಿಂತ ಮೊದಲು ಹೂಂ ಅಂದವಳು ನಾನು. ಯಾಕೆಂದು ಅವಳಿಗೆ ತಿಳಿಯದು. ಅವಳು ದೊಡ್ಡಣ್ಣನ ಮಗಳೇ.

ಅಳೆಯುವುದೆಂದರೆ ನಮ್ಮ ನೆಲದಲ್ಲಿ ಹೊಸದೇನಲ್ಲ. ಹಳೆಯ ಶಾಸನಗಳನ್ನು ನೋಡಿದರೆ ಇಂಥ ಕೋಲಿನಿಂದ ಅಳೆದು ಇಷ್ಟು ಮತ್ತರು ಭೂಮಿ ದಾನ ಕೊಟ್ಟೆವು ಎಂದು ಬರೆದಿರುತ್ತದೆ. ಕೋಲಿನ ಹೆಸರನ್ನೂ ಹೇಳುವುದು ಯಾಕೆಂದರೆ ಒಂದು ಸೀಮೆಯ ಕೋಲು ಇನ್ನೊಂದು ಸೀಮೆಯದಕ್ಕೆ ಸಮವಲ್ಲ. ಕೋಲು ಬದಲಾದರೆ ದಾನವೂ ಬದಲಾದಂತೆ. ನಮ್ಮಜ್ಜಿಯ ಕಾಲದಲ್ಲಿ ಹೊಲವನ್ನು ಖಂಡುಗದ ಲೆಕ್ಕದಲ್ಲಿ ಹೇಳುತ್ತಿದ್ದರು. 20 ಕೊಳಗಕ್ಕೆ ಒಂದು ಖಂಡುಗ, ಅಷ್ಟು ಬಿತ್ತನೆ ಹಿಡಿಯುವ ನೆಲ ಒಂದು ಖಂಡುಗದ ಹೊಲ. ಗದ್ದೆಯ ಖಂಡುಗವೇ ಬೇರೆ, ಬೆದ್ದಲಿನ ಖಂಡುಗವೇ ಬೇರೆ. ನೆಲದ ಉದ್ದಗಲವನ್ನಲ್ಲ, ಅದರ ಹಸಿವನ್ನು ಅಳೆಯುತ್ತಿದ್ದ ಲೆಕ್ಕ ಅದು.

ಗುಂಟೆ ಬಂದದ್ದು ಸರಪಳಿಯ ಜೊತೆ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆಯ ಇಲಾಖೆ ಶುರುವಾದದ್ದು 1863ರಲ್ಲಿ, ಮುಂಬಯಿ ಪ್ರಾಂತ್ಯದ ಪದ್ಧತಿಯ ಮೇಲೆ. ಅದರ ಸರಪಳಿ 33 ಅಡಿ. ಅದನ್ನು ರೂಪಾಯಿಯಂತೆ 16 ಆಣೆಯಾಗಿ ಪಾಲು ಮಾಡಿದ್ದರು. ಒಂದು ಆಣೆಗೆ 2 ಅಡಿ ಮುಕ್ಕಾಲು ಅಂಗುಲ. ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಸೇರಿದರೆ ಎಕರೆ. ನಮ್ಮ ಮನೆಯ ಕಾಗದದ ಪೆಟ್ಟಿಗೆಯಲ್ಲಿರುವ ಟಿಪ್ಪಣಿಯ ನಕಲಿನಲ್ಲೂ ಹೊಲದ ಒಂದೊಂದು ಮಗ್ಗುಲೂ ಸರಪಳಿ ಆಣೆಯಲ್ಲೇ ಬರೆದಿದೆ. ಚಿಕ್ಕಂದಿನಲ್ಲಿ ಅದನ್ನು ನೋಡಿ ಅದು ಸಾಲದ ಲೆಕ್ಕವೆಂದುಕೊಂಡಿದ್ದೆ.

ಆದರೆ ಇದಕ್ಕೂ ಅರವತ್ತು ವರ್ಷ ಹಿಂದೆಯೇ ನಮ್ಮ ಸೀಮೆ ಒಂದು ದೊಡ್ಡ ಅಳತೆಯನ್ನು ಕಂಡಿತ್ತು. ಅದನ್ನು ಮಾಡಿದವನ ಮುಂದೆಯೂ ನಮ್ಮ ಹುಡುಗಿಯ ಪ್ರಶ್ನೆಯೇ ಇತ್ತು. ಇದ್ದ ಸಾಧನವೋ, ಬರಲಿರುವ ಸಾಧನವೋ?

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಯುದ್ಧದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯಿದ್ದ. ಗೆದ್ದ ನಾಡನ್ನು ಬರೀ ಕಣ್ಣಂದಾಜಿನಲ್ಲಿ ಬರೆದರೆ ಸಾಲದು, ಕರಾವಳಿಯಿಂದ ಕರಾವಳಿಗೆ ತ್ರಿಕೋನಗಳ ಜಾಲ ಹೆಣೆದು ಕರಾರುವಾಕ್ಕಾಗಿ ಅಳೆಯಬೇಕೆಂದು ಆತ ಕಂಪನಿ ಸರ್ಕಾರಕ್ಕೆ ಬರೆದ. ಮದ್ರಾಸಿನ ಹಣಕಾಸು ಸಮಿತಿಯ ಒಬ್ಬ ಸದಸ್ಯನಿಗೆ ಇದು ದಂಡದ ಖರ್ಚೆನಿಸಿತಂತೆ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರುವವರಿಗೆ ಹೇಳಿದರೆ ಸಾಕು, ಅವರೇ ದಾರಿ ಬಲ್ಲರು, ಇವನ ನಕ್ಷೆ ಯಾಕೆ ಎಂಬುದು ಅವನ ವಾದ. ಬೆಂಗಳೂರಿಂದ ಶ್ರೀರಂಗಪಟ್ಟಣಕ್ಕೆ ಚನ್ನಪಟ್ಟಣದ ಮೇಲೆ ಹಾದುಹೋಗುವ ದಾರಿ ನಮ್ಮವರಿಗೆ ನಿಜಕ್ಕೂ ಕಣ್ಣುಮುಚ್ಚಿದರೂ ಗೊತ್ತು. ಅವನ ಮಾತು ಕೇಳಿ ನನಗೆ ಸಿಟ್ಟಿಗಿಂತ ನಗುವೇ ಹೆಚ್ಚು ಬರುತ್ತದೆ.

ತ್ರಿಕೋನದ ಉಪಾಯ ಸುಲಭ. ಒಂದು ಗೆರೆಯನ್ನು ನೆಲದ ಮೇಲೆ ಬಹಳ ಎಚ್ಚರದಿಂದ ಅಳೆಯುವುದು. ಅದರ ಎರಡು ತುದಿಯಿಂದ ದೂರದ ಬೆಟ್ಟವೊಂದನ್ನು ನೋಡಿ ಕೋನಗಳನ್ನು ಬರೆದುಕೊಳ್ಳುವುದು. ಒಂದು ಬದಿ ಮತ್ತು ಕೋನಗಳು ಸಿಕ್ಕರೆ ಉಳಿದ ಎರಡು ಬದಿ ಲೆಕ್ಕದಲ್ಲೇ ಬರುತ್ತವೆ. ಆ ಬದಿಗಳೇ ಮುಂದಿನ ತ್ರಿಕೋನಕ್ಕೆ ಆಧಾರ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಹಾರಿಕೊಂಡು ಹೋಗಬಹುದು. ಮಾಗಡಿ ಸೀಮೆಯ ನಮ್ಮ ಸಾವನದುರ್ಗವೂ ಆ ಜಾಲದಲ್ಲಿ ಒಂದು ಮೂಲೆಯಾಗಿತ್ತು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಫಿರಂಗಿ ಎಳೆದುಕೊಂಡು ಬಂದು ಹಿಡಿದಿದ್ದ ದುರ್ಗಕ್ಕೆ ಹತ್ತು ಹನ್ನೆರಡು ವರ್ಷದಲ್ಲೇ ದುರ್ಬೀನು ಹಿಡಿದವರು ಬಂದರು. ಆದರೆ ಮೊದಲ ಗೆರೆಯೇ ತಪ್ಪಿದರೆ ಮುಂದಿನ ಬೆಟ್ಟಗಳೆಲ್ಲ ತಪ್ಪಿದಂತೆ. ರಂಗೋಲಿಯ ಮೊದಲ ಚುಕ್ಕಿಯ ಸಾಲು ಓರೆಯಾದ ಹಾಗೆ.

ಲ್ಯಾಂಬ್ಟನ್‌ನ ಕೈಯಲ್ಲಿದ್ದದ್ದು 100 ಅಡಿಯ ಉಕ್ಕಿನ ಸರಪಳಿ, ಎರಡೂವರೆ ಅಡಿಯ 40 ಕಂಬಿಗಳದ್ದು. ಲಂಡನ್ನಿನ ಪ್ರಸಿದ್ಧ ಕುಶಲಕರ್ಮಿ ರ‍್ಯಾಮ್ಸ್‌ಡೆನ್ ಮಾಡಿದ್ದು. 1793ರಲ್ಲಿ ಚೀನಾದ ಚಕ್ರವರ್ತಿಯನ್ನು ಕಾಣಲು ಹೋದ ಇಂಗ್ಲಿಷ್ ರಾಯಭಾರದ ಸಾಮಾನುಗಳಲ್ಲಿ ಇದೂ ಇತ್ತು. ಚೀನಾದಲ್ಲಿ ಅದು ಬೇಕಾಗಲಿಲ್ಲ. ರಾಯಭಾರದ ಜೊತೆಗಿದ್ದ ಡಿನ್‌ವಿಡಿ ಎಂಬ ವಿಜ್ಞಾನಿಯ ಪಾಲಾಗಿ ಕಲ್ಕತ್ತೆಗೆ ಬಂದು, ಅಲ್ಲಿಂದ ಲ್ಯಾಂಬ್ಟನ್‌ನ ಕೈ ಸೇರಿತು. ಚಕ್ರವರ್ತಿಗೆ ಬೇಡವಾದ ಸರಪಳಿ ಬೆಂಗಳೂರಿನ ಬಯಲಲ್ಲಿ ಮಲಗಿತು. 1800ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಆತ ಅಲ್ಲಿ ಸುಮಾರು ಏಳೂವರೆ ಮೈಲಿಯ ಗೆರೆಯನ್ನು ಅಳೆದ. ಗೂಟಗಳ ಮೇಲೆ ಮರದ ದೋಣಿಯಂಥ ಪೆಟ್ಟಿಗೆಗಳನ್ನಿಟ್ಟು, ಸರಪಳಿಯನ್ನು ಅದರಲ್ಲಿ ಮಲಗಿಸಿ, ತೂಕ ಕಟ್ಟಿ ಬಿಗಿದು, ಪಕ್ಕದಲ್ಲಿ ಉಷ್ಣಮಾಪಕ ಇಟ್ಟು ಓದುತ್ತ ಹೋಗಬೇಕು.

ಉಷ್ಣಮಾಪಕ ಯಾಕೆಂದು ಕೇಳಬಹುದು. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ಹತ್ತು ಡಿಗ್ರಿ ಸೆಲ್ಷಿಯಸ್ ಏರಿದರೆ 100 ಅಡಿ ಸರಪಳಿ ಹಿಗ್ಗುವುದು ಮೂರೂವರೆ ಮಿಲಿಮೀಟರ್ ಮಾತ್ರ, ಒಂದು ಹೆಸರುಕಾಳಿನಷ್ಟು. ಆದರೆ ಏಳೂವರೆ ಮೈಲಿಗೆ ಆ ಸರಪಳಿಯನ್ನು ಹತ್ತಿರ ಹತ್ತಿರ 400 ಸಲ ಹಾಸಬೇಕು. ಹೆಸರುಕಾಳುಗಳು ಸೇರಿ ನಾಲ್ಕೂವರೆ ಅಡಿಯಾಗುತ್ತದೆ. ಜೊತೆಗೆ ಕೀಲುಗಳು ಸವೆದು ಸರಪಳಿ ತಾನೇ ಉದ್ದವಾಗುತ್ತ ಹೋಗುತ್ತದೆ. ಅಳೆಯುವ ವಸ್ತುವೇ ಬದಲಾಗುತ್ತಿದ್ದರೆ ಅದು ಬದಲಾಗಿದೆ ಎಂದು ತಿಳಿಯುವುದು ಹೇಗೆ?

ಲ್ಯಾಂಬ್ಟನ್ ಮಾಡಿದ ಕೆಲಸ ಇಲ್ಲಿಯೇ ನನಗೆ ಬಹಳ ಇಷ್ಟವಾಗುವುದು. ಆತ ಇಂಗ್ಲೆಂಡಿನಿಂದ ಇನ್ನೊಂದು ಸರಪಳಿ ತರಿಸಿದ. ಹೊಸದು ಬಂತೆಂದು ಹಳೆಯದನ್ನು ಎಸೆಯಲಿಲ್ಲ. ಹೊಸದನ್ನು ಬಯಲಿಗೆ ಇಳಿಸಲೂ ಇಲ್ಲ. ಹೊಸ ಸರಪಳಿಯನ್ನು ಹೋಲಿಕೆಗೆಂದೇ ಜೋಪಾನವಾಗಿ ಇಟ್ಟು, ಹಳೆಯದರಲ್ಲೇ ಅಳೆಯುತ್ತ, ಕೆಲಸಕ್ಕೆ ಮೊದಲೂ ಆಮೇಲೂ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ. ಎಷ್ಟು ಸವೆದಿದೆ ಎಂದು ತಿಳಿದರೆ ಸವೆದ ಸರಪಳಿಯೂ ನಿಜ ಹೇಳುತ್ತದೆ.

ಇನ್ನೊಂದು ಮಾತು. 1800ರಲ್ಲಿ ಎರಡು ತಿಂಗಳು ಬೆವರು ಸುರಿಸಿ ಅಳೆದ ಬೆಂಗಳೂರಿನ ಆ ಗೆರೆಯನ್ನು ಆತ ತನ್ನ ದೊಡ್ಡ ಕೆಲಸಕ್ಕೆ ಆಧಾರವಾಗಿ ಇಟ್ಟುಕೊಳ್ಳಲಿಲ್ಲ. 1802ರ ಏಪ್ರಿಲಿನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟಿನ ಹತ್ತಿರ ಹೊಸದಾಗಿ ಗೆರೆ ಅಳೆದು ಶುರುಮಾಡಿದ. ಅಲ್ಲಿಂದ ತ್ರಿಕೋನಗಳ ಮೇಲೆ ತ್ರಿಕೋನ ಹೆಣೆದುಕೊಂಡು ಘಟ್ಟ ಹತ್ತಿ ಬೆಂಗಳೂರಿಗೆ ಬಂದ. 1804ರಲ್ಲಿ ಆತನ ಸಹಾಯಕ ವಾರನ್ ಬೆಂಗಳೂರಿನಲ್ಲಿ ಮತ್ತೆ ಏಳು ಮೈಲಿಗೂ ಹೆಚ್ಚಿನ ಗೆರೆಯೊಂದನ್ನು ಸರಪಳಿ ಹಾಸಿ ಅಳೆದ. ಮದ್ರಾಸಿನಿಂದ ಲೆಕ್ಕದಲ್ಲಿ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲದೊಳಗೆ. ಮೊದಲ ಅಳತೆಯನ್ನು ಬಿಟ್ಟುಕೊಡುವ ಧೈರ್ಯವಿದ್ದವನಿಗೆ ಸಿಕ್ಕ ಫಲ ಅದು.

ಕೋನ ಅಳೆಯುವ ಥಿಯೊಡೊಲೈಟಿನ ಕಥೆ ಇನ್ನೂ ರೋಚಕ. ಲಂಡನ್ನಿನ ಕೇರಿ ಎಂಬಾತ ಮಾಡಿದ ಆ ಯಂತ್ರ ಅರ್ಧ ಟನ್ ತೂಕದ್ದು, ಅದರ ವೃತ್ತವೇ ಮೂರು ಅಡಿ ಅಗಲ. ಬರುವ ದಾರಿಯಲ್ಲಿ ಫ್ರೆಂಚರು ಹಡಗನ್ನು ಹಿಡಿದು ಮಾರಿಷಸ್‌ಗೆ ಒಯ್ದರು. ಅದು ವಿಜ್ಞಾನದ ಸಾಧನವೆಂದು ತಿಳಿದಾಗ ಶತ್ರುಗಳಾದರೂ ಮರ್ಯಾದೆಯಿಂದ ಮದ್ರಾಸಿಗೆ ಕಳಿಸಿಕೊಟ್ಟರು. 1808ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ಗೋಪುರದ ಮೇಲಕ್ಕೆ ಅದನ್ನು ಎಳೆಯುವಾಗ ಹಗ್ಗ ಹರಿದು ಯಂತ್ರ ಗೋಡೆಗೆ ಬಡಿಯಿತು. ವೃತ್ತ ಸೊಟ್ಟಗಾಯಿತು. ಬೇರೆಯವರಾಗಿದ್ದರೆ ಕೆಲಸವೇ ಮುಗಿಯಿತೆಂದು ತಲೆಮೇಲೆ ಕೈಹೊತ್ತು ಕೂರುತ್ತಿದ್ದರು. ಲ್ಯಾಂಬ್ಟನ್ ತಿರುಚಿನಾಪಳ್ಳಿಯಲ್ಲಿ ಗುಡಾರದೊಳಗೆ ಸೇರಿಕೊಂಡು, ಸೇನೆಯ ಕಮ್ಮಾರರ ನೆರವಿನಿಂದ ಬೆಣೆ, ತಿರುಪು, ರಾಟೆಗಳನ್ನು ಬಳಸಿ ಆರು ವಾರ ಕಷ್ಟಪಟ್ಟು ಕೂದಲೆಳೆಯಷ್ಟೇ ಎಳೆಯುತ್ತ ಅದನ್ನು ಮತ್ತೆ ದುಂಡಗೆ ಮಾಡಿದ. ರಿಪೇರಿಯಾದ ಆ ಯಂತ್ರದಲ್ಲೇ ಮುಂದಿನ ಕೆಲಸ ನಡೆಯಿತು. ಆತ ತೀರಿಕೊಂಡದ್ದು 1823ರಲ್ಲಿ, ಹಿಂಗನಘಾಟಿನಲ್ಲಿ, ಅಳತೆಯ ದಾರಿಯಲ್ಲೇ.

ಲ್ಯಾಂಬ್ಟನ್‌ನ ನಂತರ ಬಂದ ಎವರೆಸ್ಟ್ ಹಳೆಯ ಸಾಧನಗಳನ್ನು ಅಷ್ಟು ಸುಲಭವಾಗಿ ನಂಬುವವನಲ್ಲ. ಸರಪಳಿಯನ್ನು ಬಿಟ್ಟು ಕೋಲ್ಬಿಯ ಕಂಬಿಗಳನ್ನು ತರಿಸಿದ. ಅದರ ಜಾಣತನ ನೋಡಿ. ಕಬ್ಬಿಣದ ಒಂದು ಕಂಬಿ, ಹಿತ್ತಾಳೆಯ ಒಂದು ಕಂಬಿ, ಹತ್ತತ್ತು ಅಡಿ ಉದ್ದ, ನಡುವೆ ಜೋಡಿಸಿ ಅಕ್ಕಪಕ್ಕ ಇಟ್ಟದ್ದು. ಬಿಸಿಲಿಗೆ ಹಿತ್ತಾಳೆ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ಎರಡರ ತುದಿಗಳಿಗೂ ಸೇರಿಸಿದ ಪುಟ್ಟ ನಾಲಿಗೆಯೊಂದು ಆ ವ್ಯತ್ಯಾಸಕ್ಕೆ ತಕ್ಕಂತೆ ವಾಲಿ, ಅದರ ಮೇಲಿನ ಚುಕ್ಕೆ ಮಾತ್ರ ಇದ್ದಲ್ಲೇ ಇರುತ್ತದೆ. ಎರಡು ತಪ್ಪುಗಳು ಪರಸ್ಪರ ಹೊಡೆದುಹಾಕಿಕೊಂಡು ನಿಜ ಉಳಿಯುವ ಉಪಾಯ. ಬೆಂಗಳೂರಿನಲ್ಲಿ 1868ರಲ್ಲಿ ಮತ್ತೊಮ್ಮೆ ಆಧಾರದ ಗೆರೆ ಅಳೆದದ್ದು ಈ ಕಂಬಿಗಳಿಂದಲೇ. ಅದರ ಒಂದು ತುದಿಯ ಗೋಪುರ ಹೆಣ್ಣೂರು ಬಾಗಲೂರು ರಸ್ತೆಯ ಕಣ್ಣೂರು ಹಳ್ಳಿಯಲ್ಲಿತ್ತು. ಒಂದೂವರೆ ಶತಮಾನ ನಿಂತಿದ್ದ ಅದು 2024ರಲ್ಲಿ ನೆಲಸಮವಾಯಿತು. ಸುತ್ತಲ ನೆಲದ ಒಂದೊಂದು ಚದರ ಅಡಿಯನ್ನೂ ಅಳೆದು ಮಾರುವ ಊರಿನಲ್ಲಿ, ಆ ಅಳತೆಗೇ ಮೂಲವಾದ ಕಲ್ಲಿಗೆ ಜಾಗ ಉಳಿಯಲಿಲ್ಲ.

ಇಷ್ಟೆಲ್ಲದರ ನಡುವೆ ನಮ್ಮವನೊಬ್ಬನ ಹೆಸರು ಹೇಳದೆ ಹೋದರೆ ತಪ್ಪಾಗುತ್ತದೆ. ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್. ಮದ್ರಾಸಿನ ಒಡವೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಆತನ ಕೈಚಳಕ ಕಂಡು ಸರ್ವೆಯವರು ಕರೆದುಕೊಂಡರು. ಕಲ್ಕತ್ತೆಯ ಸಾಧನಗಳ ಕಚೇರಿಗೆ ಇಂಗ್ಲೆಂಡಿನಿಂದ ಬ್ಯಾರೊ ಎಂಬ ಕುಶಲಕರ್ಮಿಯನ್ನು ಕರೆಸಿದ್ದರು. ಆತನಿಗೂ ಎವರೆಸ್ಟನಿಗೂ ಹೊಂದದೆ ಆತ ಹೊರಟುಹೋದ ಮೇಲೆ ಆ ಜಾಗಕ್ಕೆ ಬಂದವನು ಮೊಹ್ಸಿನ್. ನಕ್ಷತ್ರ ನೋಡುವ ದೊಡ್ಡ ವೃತ್ತಗಳ ಮೇಲಿನ ಗೆರೆಗಳನ್ನು ಈ ನಾಡಿನಲ್ಲೇ ಮತ್ತೆ ಕೊರೆದು ಕೊಟ್ಟವನು ಆತ. ಮನೆಯಲ್ಲಿ ಬೋರ್ಡು ಬೆಸೆಯುವ ನಮ್ಮ ಹುಡುಗಿಗೆ ನಾನು ಈ ಹೆಸರನ್ನು ಹೇಳಿದೆ. ಅವಳು ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಆ ಹೊತ್ತಿಗೆ ಅವಳ ಎರಡು ಬೋರ್ಡುಗಳ ಪರೀಕ್ಷೆ ನಡೆದಿತ್ತು. ಹಳೆಯದರಲ್ಲಿ ಒಂದೇ ಕಲ್ಲನ್ನು ಐದು ಸಲ ನೋಡಿದರೆ ಐದು ಉತ್ತರ, ಒಂದಕ್ಕೊಂದು ಅರ್ಧ ಡಿಗ್ರಿ ಆಚೆ ಈಚೆ. ಹೊಸದರಲ್ಲಿ ಐದು ಸಲವೂ ಹೆಚ್ಚುಕಡಿಮೆ ಒಂದೇ ಉತ್ತರ. ನಾನಂತೂ ಹೊಸದಕ್ಕೇ ಓಟು ಹಾಕಿದೆ. "ಐದು ಸಲ ಒಂದೇ ಸುಳ್ಳು ಹೇಳಿದರೂ ಹೀಗೇ ಇರುತ್ತೆ ಅತ್ತೆ" ಅಂದಳು ಅವಳು.

ಸುಳ್ಳನ್ನು ಹಿಡಿಯುವ ದಾರಿ ಸರ್ವೆಯಷ್ಟೇ ಹಳೆಯದು. ಹೊಲದ ಒಂದು ಮೂಲೆಯಿಂದ ಹೊರಟು, ಬದುವಿನ ಗುಂಟ ಅಳೆಯುತ್ತ ಸುತ್ತು ಹಾಕಿ, ಮತ್ತೆ ಅದೇ ಮೂಲೆಗೆ ಬರುವುದು. ಕಾಗದದ ಮೇಲೂ ಹೊರಟ ಚುಕ್ಕೆಗೇ ಬಂದು ಸೇರಬೇಕು. ಸೇರದಿದ್ದರೆ ಎಷ್ಟು ಬಾಯಿ ಬಿಟ್ಟಿದೆಯೋ ಅಷ್ಟು ತಪ್ಪು. ಮೊದಲ ದಿನ ಗುಂಡಿ ಒತ್ತುವ ಕೆಲಸ ನನ್ನದಾಯಿತು. ಎರಡು ಬೋರ್ಡೂ ಹುಚ್ಚುಹುಚ್ಚಾಗಿ ಉತ್ತರ ಕೊಟ್ಟವು. ಹುಡುಗಿ ತಲೆ ಕೆರೆದುಕೊಂಡು ನನ್ನನ್ನೇ ಮೇಲಿಂದ ಕೆಳಗೆ ನೋಡಿ, "ಅತ್ತೆ, ಸೆರಗಿಗೆ ಏನು ಚುಚ್ಚಿದೀರಿ?" ಅಂದಳು. ಸೇಫ್ಟಿ ಪಿನ್ನು! ಸೊಂಟದಲ್ಲಿ ಬೀರುವಿನ ಬೀಗದ ಕೈ ಗೊಂಚಲು ಬೇರೆ. ಉಕ್ಕು ಹತ್ತಿರ ಬಂದರೆ ದಿಕ್ಸೂಚಿ ಉತ್ತರವನ್ನು ಮರೆತು ಉಕ್ಕಿನ ಕಡೆ ವಾಲುತ್ತದೆ. ಚಿನ್ನದ ಸರಕ್ಕೆ ಆ ದೋಷವಿಲ್ಲ. "ಒಡವೆ ಇರಲಿ, ಪಿನ್ನು ತೆಗೀರಿ" ಎಂದಾಗ ನಾವು ಹೆಂಗಸರೆಲ್ಲ ಹೊಲದಲ್ಲೇ ನಕ್ಕು ಸುಸ್ತಾದೆವು. ಒಂದು ಡಿಗ್ರಿ ದಿಕ್ಕು ತಪ್ಪಿದರೆ 100 ಅಡಿ ದೂರದಲ್ಲಿ ಮುಕ್ಕಾಲು ಪಾಲು ಎರಡಡಿ ತಪ್ಪುತ್ತದೆ ಎಂದು ಅವಳು ಲೆಕ್ಕ ಹೇಳಿದ ಮೇಲೆ ನಗು ನಿಂತಿತು.

ಪಿನ್ನು ತೆಗೆದ ಮೇಲೆ ಹಳೆಯ ಬೋರ್ಡು ಸುಮಾರು 1,300 ಅಡಿ ಸುತ್ತು ಹಾಕಿ ಹೊರಟ ಜಾಗಕ್ಕೆ ಒಂದೂವರೆ ಅಡಿ ಹತ್ತಿರ ಬಂದು ನಿಂತಿತು. ಹೊಸದು ಐದು ಅಡಿ ದೂರ ನಿಂತಿತು. ಯಾಕೆಂದರೆ ಚಿಕ್ಕದಾಗಿಸುವ ಆಸೆಯಲ್ಲಿ ಬ್ಯಾಟರಿಯನ್ನು ದಿಕ್ಕಿನ ಚಿಪ್ಪಿನ ಕೆಳಗೇ ಕೂರಿಸಿದ್ದಳು. ಬ್ಯಾಟರಿಯ ಕವಚದಲ್ಲಿ ಉಕ್ಕಿದೆ. ಸಾಧನದ ಹೊಟ್ಟೆಯೊಳಗೇ ಒಂದು ಸೇಫ್ಟಿ ಪಿನ್ನು ಇದ್ದ ಹಾಗೆ. ಅದರ ಎಳೆತ ಒಂದು ದಿಕ್ಕಿಗೆ ಒಂದು ಥರ, ಇನ್ನೊಂದು ದಿಕ್ಕಿಗೆ ಇನ್ನೊಂದು ಥರ. ಇದನ್ನು ಲೆಕ್ಕದಲ್ಲಿ ಕಳೆಯುವ ಉಪಾಯವೂ ಇದೆ. ಸಾಧನವನ್ನು 14 ದಿಕ್ಕಿಗೆ ಹಿಡಿದು, ಒಂದೊಂದು ದಿಕ್ಕಿನಲ್ಲೂ ನಾಲ್ಕು ಮಗ್ಗುಲಿಗೆ ಹೊರಳಿಸಿ, ಒಟ್ಟು 56 ಸಲ ಓದಿದರೆ ಒಳಗಿನ ಉಕ್ಕಿನ ಎಳೆತ ಎಷ್ಟೆಂದು ತಿಳಿಯುತ್ತದೆ. ಅವಳು ಅದನ್ನೂ ಮಾಡಿದ್ದಳು. ಆದರೆ ಬ್ಯಾಟರಿ ತೆಗೆದು ಹಾಕಿದಾಗಲೆಲ್ಲ ಆ ಎಳೆತವೂ ಸ್ವಲ್ಪ ಬದಲಾಗುತ್ತಿತ್ತು.

ಅವಳು ಯಾವುದನ್ನು ಆರಿಸಿದಳೆಂದು ನೀವು ಊಹಿಸಿರಬಹುದು. ಮಾರನೆಯ ದಿನದ ಅಳತೆಗೆ ಹಳೆಯ ಬೋರ್ಡು. ಒಂದೊಂದು ಮಗ್ಗುಲನ್ನೂ ಐದೈದು ಸಲ ನೋಡಿ ಸರಾಸರಿ ತೆಗೆಯುವುದು, ಹೋಗುವಾಗ ಒಮ್ಮೆ, ತಿರುಗಿ ಬರುವಾಗ ಒಮ್ಮೆ. ಹೊಸದನ್ನು ಬಿಸಾಡುವುದಿಲ್ಲ, ಬ್ಯಾಟರಿಯನ್ನು ದೂರಕ್ಕೆ ಸರಿಸಿ ಮೂರನೆಯ ಆವೃತ್ತಿ ಬರೆಯುವುದು. ಅದು ಬಂದ ಮೇಲೂ ಹಳೆಯದನ್ನು ಹೋಲಿಕೆಗೆ ಇಟ್ಟುಕೊಳ್ಳುವುದು. "ನಿಮ್ಮ ಲ್ಯಾಂಬ್ಟನ್ ಮಾಡಿದ ಹಾಗೆ" ಎಂದಳು. ಮೂವತ್ತು ವರ್ಷದ ಪಾಠಕ್ಕೆ ಇದಕ್ಕಿಂತ ಬೇರೆ ಸಂಭಾವನೆ ನನಗೆ ಬೇಕಿಲ್ಲ.

ಲೇಸರಿನ ಚುಕ್ಕೆ ಬಿಸಿಲಲ್ಲಿ ಕಾಣುವುದಿಲ್ಲವೆಂದು ಬೆಳಕು ಹರಿಯುವ ಮೊದಲೇ ಹೊರಟೆವು. ಚಿಕ್ಕಣ್ಣ ಬಾಂದು ಕಲ್ಲಿನ ಮೇಲೆ ಬಿಳಿ ರಟ್ಟು ಹಿಡಿದು ನಿಂತ. ಸಂಜೆ ಲೆಕ್ಕ ಮುಗಿದಾಗ ಬಂದದ್ದು 2 ಎಕರೆ 10 ಗುಂಟೆ. ಪಹಣಿಗಿಂತ ಎರಡು ಗುಂಟೆ ಕಡಿಮೆ. ನನ್ನ ಎದೆ ಧಸಕ್ಕೆಂದಿತು. ನನ್ನ ಅನುಮಾನ ನಿಜವಾಯಿತು ಅಂದುಕೊಂಡೆ. "ನಿನ್ನ ಸಾಧನದ ತಪ್ಪಿರಬಹುದೇ?" ಎಂದು ಕೇಳಿದೆ. "ಅರ್ಧ ಗುಂಟೆಯೊಳಗೆ ತಪ್ಪಿರಬಹುದು. ಎರಡು ಗುಂಟೆ ತಪ್ಪಲ್ಲ" ಅಂದಳು. ಹೊಸ ಬೋರ್ಡಿನಲ್ಲಿ ಅಳೆದಿದ್ದರೆ ಹಾಗೆ ಧೈರ್ಯವಾಗಿ ಹೇಳಲು ಆಗುತ್ತಿರಲಿಲ್ಲ. ತಪ್ಪಿನ ಅಳತೆ ಗೊತ್ತಿದ್ದದ್ದು ಹಳೆಯದರದು ಮಾತ್ರ.

ಯಾರೂ ಮಾತಾಡಲಿಲ್ಲ. ದೊಡ್ಡಣ್ಣ ಟಿಪ್ಪಣಿಯ ನಕಲನ್ನೂ ಮಗಳ ನಕ್ಷೆಯನ್ನೂ ಪಕ್ಕದಲ್ಲಿಟ್ಟು ಬೆರಳಾಡಿಸುತ್ತಿದ್ದ. ಪಡುವಣ ಮಗ್ಗುಲಲ್ಲಿ ಒಂಬತ್ತು ಅಡಿ ಒಳಕ್ಕೆ ಬಂದಿತ್ತು, 240 ಅಡಿಯ ಉದ್ದಕ್ಕೂ. ಒಳಗಿನಿಂದ ಅಮ್ಮ ಬಂದು ಕೂತಳು. ಎಂಬತ್ತು ದಾಟಿದವಳು, ನಕ್ಷೆ ಓದಲು ಬಾರದು. "ಏನ್ರವ್ವ, ಎಲ್ಲಾ ಹಿಂಗೆ ಕೂತಿದೀರಿ?" ಅಂದಳು. ಚಿಕ್ಕಣ್ಣ ಹೇಳಿದ.

"ಅದು ಗಾಡಿ ದಾರಿ ಕಣ್ರೋ" ಅಂದಳು ಅಮ್ಮ. "ನಿಮ್ಮಪ್ಪ ಬಿಟ್ಟಿದ್ದು. ಹಿಂದಿನ ಹಟ್ಟಿಯೋರಿಗೆ ಗಾಡಿ ಬರಕ್ಕೆ ದಾರಿ ಇರ್ಲಿಲ್ಲ. ಒಂದು ಮಳೆಗಾಲದಲ್ಲಿ ಹೆರಿಗೆ ನೋವು ಬಂದ ಹೆಣ್ಣುಮಗಳನ್ನ ಬದುವಿನ ಮೇಲೆ ಜಾರಿಕೊಂಡು ಹೊತ್ತು ತಂದರು. ಮಾರನೇ ವಾರವೇ ನಿಮ್ಮಪ್ಪ ಬದು ಕಿತ್ತು ಒಳಕ್ಕೆ ಹಾಕಿದ. ಕಾಗದ ಗೀಗದ ಏನೂ ಮಾಡ್ಲಿಲ್ಲ. ನೀನಾಗ ಪಟ್ಟಣದಲ್ಲಿ ಓದ್ತಿದ್ದೆ ಕಣವ್ವ" ಎಂದು ನನ್ನ ಕಡೆ ನೋಡಿದಳು.

ನಾನು ಅಣ್ಣನ ಮುಖ ನೋಡಲಾರದೆ ಎದ್ದು ಅಡುಗೆಮನೆಗೆ ಹೋದೆ. ಇಷ್ಟು ವರ್ಷ ನಾನು ಹಿಡಿದು ನೋಡುತ್ತಿದ್ದ ಅಳತೆಗೋಲಿನ ಹೊಟ್ಟೆಯಲ್ಲೇ ಉಕ್ಕಿತ್ತು. ಐದು ಸಲ ನೋಡಿದರೂ ಒಂದೇ ಉತ್ತರ ಹೇಳುತ್ತಿತ್ತು, ಅದಕ್ಕೇ ನಿಜವೆಂದು ನಂಬಿದ್ದೆ. ಒಮ್ಮೆಯಾದರೂ ಸುತ್ತು ಹಾಕಿ ಹೊರಟ ಜಾಗಕ್ಕೆ ಬಂದು ನೋಡಿರಲಿಲ್ಲ.

ಎರಡು ತಿಂಗಳ ಮೇಲೆ ಪರವಾನಗಿ ಪಡೆದ ಭೂಮಾಪಕರು ಬಂದು ತಮ್ಮ ಯಂತ್ರದಲ್ಲಿ ಅಳೆದರು. ಹುಡುಗಿಯ ಲೆಕ್ಕಕ್ಕೂ ಅವರದಕ್ಕೂ ಕಾಲು ಗುಂಟೆಯ ವ್ಯತ್ಯಾಸ. ದಾರಿಯನ್ನು ದಾರಿಯೆಂದೇ ನಕ್ಷೆಯಲ್ಲಿ ತೋರಿಸಲು ಎಲ್ಲರೂ ಒಪ್ಪಿದೆವು. ಪಾಲು ತಲಾ ಇಪ್ಪತ್ತೆರಡೂವರೆ ಗುಂಟೆಯಾಯಿತು. ನನ್ನದು ಆ ದಾರಿಯ ಪಕ್ಕದ್ದೇ ಇರಲಿ ಎಂದು ಕೇಳಿ ತೆಗೆದುಕೊಂಡೆ.

ಆ ರಾತ್ರಿ ಊಟಕ್ಕೆ ಕೂತಾಗ ಅಣ್ಣನ ಎಲೆಗೆ ಮುದ್ದೆ ನಾನೇ ಬಡಿಸಿದೆ. ಅವನಿಗೆ ಏನಾದರೂ ಗೊತ್ತಾಗಿತ್ತೋ ಇಲ್ಲವೋ. "ಸಾರು ಚೆನ್ನಾಗದೆ, ಇನ್ನೊಂದು ಸೌಟು ಹಾಕು" ಅಂದ.